ಎಲ್ಲಿಂದ ಕಿತ್ತದ್ದು?

ಆ ಎರಡು ಕಬ್ಬಿಣದ ಪಟ್ಟಿಗಳ ವಿಷಯದಲ್ಲಿ ಎಡ್ವರ್ಡನಿಗೆ ಗೊತ್ತಿಲ್ಲದ್ದು ಒಂದೇ ಒಂದು. ಉಳಿದದ್ದೆಲ್ಲ ಗೊತ್ತಿತ್ತು. ಅದು ಎಂಥ ಉಕ್ಕು, ಎಷ್ಟು ದಪ್ಪ, ಹೇಗೆ ಕಾಯಿಸಿ ಹೇಗೆ ಬಾಗಿಸಿದ್ದು, ಯಾವ ಲಾರಿಯ ಹಿಂದಿನ ಚಕ್ರದ ಮೇಲೆ ಕೂತಿದ್ದದ್ದು, ಎಲ್ಲ. ಯಾರಾದರೂ ಬಾಯಿ ತಪ್ಪಿ ಕೇಳಿದರೆ ಮುಗಿಯಿತು, ಕೇಳಿದವರ ಚಹಾ ಆರಿ ತಣ್ಣಗಾದರೂ ಬಿಡುತ್ತಿರಲಿಲ್ಲ. ಆದರೆ ಕೆಳಗಿನ ಬಕಾಲಾದ, ಅಂದರೆ ದಿನಸಿ ಅಂಗಡಿಯ, ಮಮ್ಮಾಲಿ ಕೇಳಿದ್ದು ಇದ್ಯಾವುದನ್ನೂ ಅಲ್ಲ. "ಇದನ್ನು ಎಲ್ಲಿಂದ ಕಿತ್ತದ್ದು, ಪೊರ್ಬುಗಳೇ?" ಎಂದು ಕೇಳಿದರು. ಮಂಗಳೂರು ಕಡೆಯ ಕ್ರಿಸ್ತುವರನ್ನು ಅಲ್ಲಿನ ಬ್ಯಾರಿ ಮುಸ್ಲಿಮರು ಮರ್ಯಾದೆಯಿಂದ ಕರೆಯುವುದೇ ಹಾಗೆ. ಮರ್ಯಾದೆಯಿಂದ ಕೇಳಿದ ಆ ಪ್ರಶ್ನೆಗೆ ಎಡ್ವರ್ಡನ ಹತ್ತಿರ ಉತ್ತರವಿರಲಿಲ್ಲ.

ಎಡ್ವರ್ಡ್ ಕಿನ್ನಿಗೋಳಿ ಕಡೆಯವನು. ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಪರವಾಗಿ ಪೈಪುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಯಾವ ಪೈಪನ್ನು ತುಕ್ಕು ಎಷ್ಟು ತಿಂದಿದೆ, ಇನ್ನೆಷ್ಟು ಕಾಲ ಬಾಳೀತು ಎಂದು ಹೇಳಬೇಕು. ವಾರವಿಡೀ ತುಕ್ಕು ನೋಡಿ ಸಾಲದೆ ಶುಕ್ರವಾರವೂ ತುಕ್ಕು ಹುಡುಕಿಕೊಂಡು ಮರುಭೂಮಿಗೆ ಹೋಗುವ ಚಟ ಹತ್ತಿದ್ದು, ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಎಂಜಿನಿಯರ್ ತನ್ನ ಮೆಟಲ್ ಡಿಟೆಕ್ಟರನ್ನು ಇವನ ಕೊರಳಿಗೆ ಕಟ್ಟಿ ಹೋದ ಮೇಲೆ. ಉದ್ದ ಕೋಲು, ತುದಿಗೆ ಊಟದ ತಟ್ಟೆಯಂಥದ್ದು, ಕಿವಿಗೆ ಹೆಡ್‌ಫೋನು. ಮರಳ ಮೇಲೆ ಆಡಿಸುತ್ತ ಹೋದರೆ ಕೆಳಗೆ ಲೋಹವಿದ್ದಲ್ಲಿ ಕೂಗುತ್ತದೆ. ಯುದ್ಧ ನಡೆದು ಹೋದ ಮರಳಲ್ಲಿ ಕಬ್ಬಿಣಕ್ಕೇನು ಬರ? ಮೂತಿ ಚೂಪಾದದ್ದು, ರೆಕ್ಕೆಯಿರುವುದು ಕಂಡರೆ ಮುಟ್ಟದೆ ಹಿಂದೆ ಬಾ, ತೋಡಿದ ಗುಂಡಿಯನ್ನು ಗುರುತು ಸಿಗದ ಹಾಗೆ ಮುಚ್ಚಿ ಬಾ ಎಂದು ಆ ಇಂಗ್ಲಿಷಿನವನು ಎರಡೇ ಮಾತು ಹೇಳಿಕೊಟ್ಟಿದ್ದ. ಎರಡನ್ನೂ ಎಡ್ವರ್ಡ್ ಚರ್ಚಿನಲ್ಲಿ ಕಲಿತ ಹತ್ತು ಕಟ್ಟಳೆಗಳಿಗಿಂತ ಹೆಚ್ಚು ಭಕ್ತಿಯಿಂದ ಪಾಲಿಸಿದ.

ಮಂಗಾಫಿನಲ್ಲಿ ಎಡ್ವರ್ಡನ ಫ್ಲ್ಯಾಟಿನ ಬಾಲ್ಕನಿ ಹೀಗೆ ಕಬ್ಬಿಣದಿಂದ ತುಂಬಿತು. ಹಡಗಿನ ಹಲಗೆಗೆ ಹೊಡೆಯುವ ಉದ್ದನೆಯ ಮೊಳೆ, ಒಂಟೆಯ ಕಾಲಿಗೆ ಕಟ್ಟುವ ಸರಪಳಿಯ ತುಂಡು, ಸೈನಿಕರ ಚೊಂಬು, ತೂತು ಬಿದ್ದ ಹೆಲ್ಮೆಟು, ಏನೆಂದು ಅವನ ಹೆತ್ತವರಿಗೂ ತಿಳಿಯದ ಗುಂಡು, ಕೊಕ್ಕೆ, ಕೊಳವೆಗಳು. ಒಗೆಯುವ ಸೋಡಾದ ನೀರಿನಲ್ಲಿ ಅವನ್ನು ಅದ್ದಿ, ಕಾರಿನ ಬ್ಯಾಟರಿ ಚಾರ್ಜರಿನ ತಂತಿ ಕೊಟ್ಟರೆ ಒಂದೆರಡು ದಿನದಲ್ಲಿ ತುಕ್ಕು ಬುರುಗಾಗಿ ಬಿಡುತ್ತದೆ. ಆಮೇಲೆ ತಂತಿಯ ಬ್ರಷ್ಷಿನಿಂದ ತಿಕ್ಕುವುದು, ಏನೆಂದು ಗುರುತು ಹಿಡಿಯುವುದು, ಒಂದು ಚೀಟಿಯಲ್ಲಿ ಹೆಸರು ಬರೆದು ದಾರದಿಂದ ಕಟ್ಟುವುದು. ಖಾತ್ರಿಯಿಲ್ಲದಿದ್ದರೆ ಹೆಸರಿನ ಮುಂದೆ ಪ್ರಶ್ನಾರ್ಥಕ. ಸುಮ್ಮನೆ ಊಹೆ ಮಾಡಿ ಬರೆಯುವವನಲ್ಲ ಅವನು, ಆ ಅಹಂಕಾರ ಅವನಿಗಿತ್ತು. ಹೆಂಡತಿ ಆಲಿವ್ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಬಂದವಳಿಗೆ ಬಟ್ಟೆ ಒಣಗಿಸಲು ಜಾಗವಿಲ್ಲ. "ಎಡ್ಡಿ, ನಿನ್ನನ್ನು ಕಟ್ಟಿಕೊಂಡು ನನಗೂ ತುಕ್ಕು ಹಿಡಿದೀತು" ಎಂದು ಕೊಂಕಣಿಯಲ್ಲಿ ಗೊಣಗುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಅವನ ಪ್ರಾಣ ಹಿಂಡಿದ್ದು ಈ ಎರಡು ಪಟ್ಟಿಗಳು. ಬಿಲ್ಲಿನ ಹಾಗೆ ಸ್ವಲ್ಪ ಬಾಗಿದವು, ಒಂದು ಉದ್ದ, ಇನ್ನೊಂದು ಅರ್ಧಕ್ಕೆ ತುಂಡಾದದ್ದು. ಮೊದಲು ಕತ್ತಿಯ ಒರೆ ಎಂದುಕೊಂಡ. ಆಮೇಲೆ ಹಳೆಯ ದೋಣಿಯ ಪಕ್ಕೆಲುಬು ಎಂದುಕೊಂಡು ಒಂದು ತಿಂಗಳು ನಿದ್ದೆಗೆಟ್ಟ. ಇಂಟರ್ನೆಟ್ ಕೆಫೆಯಲ್ಲಿ ಕೂತು ಹೊರದೇಶದ ತನ್ನಂಥ ಹುಚ್ಚರಿಗೆ ಚಿತ್ರ ಕಳಿಸಿದರೆ ಒಬ್ಬ ನೇಗಿಲು ಅಂದ, ಇನ್ನೊಬ್ಬ ಹಿಮದ ಮೇಲೆ ಎಳೆಯುವ ಗಾಡಿಯ ಪಟ್ಟಿ ಅಂದ. ಕುವೈತಿನಲ್ಲಿ ಹಿಮದ ಗಾಡಿ! ಮೈಯೆಲ್ಲ ಉರಿದುಹೋಯಿತು. ಕೊನೆಗೆ ಸಬ್ಹಾನಿನ ವರ್ಕ್‌ಶಾಪುಗಳಿಗೆ ಹೋಗಿ, ಲಾರಿಗಳ ಹೊಟ್ಟೆಯಡಿ ಅಂಗಾತ ಮಲಗಿ, ಅಳತೆ ಹಿಡಿದು ಹಿಡಿದು ನೋಡಿದ. ಹಳೆಯ ಕಾಲದ, ಮೂತಿ ದುಂಡಗಿನ ನೀರಿನ ಟ್ಯಾಂಕರ್ ಲಾರಿಯ ಹಿಂದಿನ ಸ್ಪ್ರಿಂಗ್ ಪ್ಲೇಟು. ನಡುವಿನ ತೂತು, ಅಗಲ, ಬಾಗು, ಮೂರೂ ತಾಳೆಯಾದವು. ಆ ದಿನ ಮನೆಗೆ ಬಂದು ಚೀಟಿ ಬರೆದ, ಪ್ರಶ್ನಾರ್ಥಕ ಹಾಕಲಿಲ್ಲ. ತಾನು ಗೆದ್ದೆ ಎಂದು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಆಲಿವ್ ಖಂಡತುಂಡವಾಗಿ ಹೇಳಿದಳು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡಬೇಕು, ಕರಿದ ಕಲ್‌ಕಲ್ ಹರಡಲು ಬಾಲ್ಕನಿ ಬೇಕು, ಈ ಗುಜರಿ ಹೊರಗೆ ಹೋಗಬೇಕು. ಹೇಳಿ ನಿಲ್ಲಿಸಲಿಲ್ಲ, ಕೆಳಗೆ ಬಕಾಲಾಕ್ಕೆ ಫೋನು ಮಾಡಿ ಗುಜರಿಯವನನ್ನು ಕಳಿಸಿ ಎಂದೂ ಹೇಳಿಬಿಟ್ಟಳು. ಬಂದದ್ದು ಗುಜರಿಯವನಲ್ಲ, ಅಂಗಡಿಯ ಮಮ್ಮಾಲಿಯೇ. ಉಳ್ಳಾಲದ ಬ್ಯಾರಿ, ಬಿಳಿ ಗಡ್ಡ, ದೊಡ್ಡ ಮೈ. ಅಷ್ಟು ವರ್ಷ ಕೆಳಗೆ ಬ್ರೆಡ್ಡು ಹಾಲು ಕೊಟ್ಟವರು, ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಗುಜರಿಯವ ನಾಳೆ ಬರ್ತಾನಂತೆ ಬಾಯಮ್ಮ. ಎಷ್ಟುಂಟು ಅಂತ ನೋಡಿ ಹೇಳುವ ಅಂತ ನಾನೇ ಬಂದೆ" ಎಂದರು ಆಲಿವಿಗೆ. ಬಾಲ್ಕನಿ ನೋಡಿ ನಕ್ಕರು. "ಇದೆಂತದು ಪೊರ್ಬುಗಳೇ, ನನ್ನದಕ್ಕಿಂತ ದೊಡ್ಡ ಅಂಗಡಿ ನಿಮ್ಮದು!"

ಎಡ್ವರ್ಡನಿಗೆ ಅಷ್ಟು ಸಾಕಿತ್ತು. "ಕೂತುಕೊಳ್ಳಿ ಕಾಕ. ಗುಜರಿ ಅಂತ ಹೇಳುವವರು ಹೇಳಲಿ. ಇದು ನೋಡಿ, ಈ ಪ್ಲೇಟು. ಇದನ್ನು ಗುರುತು ಹಿಡಿಯಲಿಕ್ಕೆ ನನ್ನ ಅರ್ಧ ಆಯುಸ್ಸು ಹೋಯ್ತು." ಉಕ್ಕು ಹೇಳಿದ, ಬಾಗು ಹೇಳಿದ, ಲಾರಿ ಹೇಳಿದ. ಮಮ್ಮಾಲಿ ಅಂಗಡಿಯಲ್ಲಿ ಗಿರಾಕಿಯ ಮಾತು ಕೇಳುವ ಹಾಗೆ ತಲೆಯಾಡಿಸುತ್ತ ನಿಂತಿದ್ದರು.

"ಇನ್ನೊಂದು ತಮಾಷೆ ಹೇಳ್ತೇನೆ ಕಾಕ. ಇವು ಮರಳಲ್ಲಿ ಬಿದ್ದುಕೊಂಡು ಇದ್ದದ್ದಲ್ಲ, ನಿಂತುಕೊಂಡು ಇದ್ದದ್ದು. ಎರಡೂ! ತುದಿ ಮಾತ್ರ ಹೆಬ್ಬೆರಳಷ್ಟು ಮೇಲೆ. ಒಂದು ಇಲ್ಲಿ ಅಂತಾದರೆ ಇನ್ನೊಂದು ಅಗೋ, ಆ ಬಾಗಿಲಿನ ಹತ್ತಿರ. ಯಾರೋ ಬೇಕಂತಲೇ ಹೊಡೆದು ಕೂರಿಸಿದ ಹಾಗೆ. ಡೇರೆಯ ಹಗ್ಗ ಕಟ್ಟಲಿಕ್ಕೆ ಇರಬೇಕು ಅಂತ ನನ್ನ ಲೆಕ್ಕ."

ಮಮ್ಮಾಲಿಯ ತಲೆಯಾಟ ನಿಂತಿತು. ಆಲಿವ್ ತೊಳೆದಿಟ್ಟ ಸ್ಟೂಲಿನ ಮೇಲೆ, ಒದ್ದೆಯೆಂದೂ ನೋಡದೆ ಕೂತುಬಿಟ್ಟರು. ಕೈ ಚಾಚಿ ಉದ್ದನೆಯ ಪ್ಲೇಟನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು, ಆಮೇಲೆ ತುಂಡಾದದ್ದನ್ನು.

"ಡೇರೆ ಅಲ್ಲ" ಎಂದರು. "ತಲೆಗೊಂದು, ಕಾಲಿಗೊಂದು. ಇದು ನನ್ನ ತಮ್ಮನ ಕಬರು."

ಮಮ್ಮಾಲಿಯ ತಮ್ಮ ಅಬ್ದುಲ್ ಲತೀಫ್ ಫಹಾಹೀಲಿನಲ್ಲಿ ನೀರಿನ ಲಾರಿ ಓಡಿಸುತ್ತಿದ್ದ. ಇರಾಕಿನವರು ನುಗ್ಗಿದ ಆಗಸ್ಟಿನಲ್ಲಿ ಮಮ್ಮಾಲಿ ರಜೆಯಲ್ಲಿ ಉಳ್ಳಾಲದಲ್ಲಿದ್ದರು, ತಮ್ಮ ಇಲ್ಲಿ ಸಿಕ್ಕಿಬಿದ್ದ. ಕೆಲವರು ಒಟ್ಟಾಗಿ ಅವನ ಲಾರಿಯಲ್ಲೇ ಮರಳ ದಾರಿ ಹಿಡಿದು ಸೌದಿಯ ಗಡಿಗೆ ಹೊರಟರು. ವಫ್ರಾದ ತೋಟಗಳು ಮುಗಿದು, ಕರೆಂಟಿನ ದೊಡ್ಡ ಕಂಬಗಳ ಸಾಲನ್ನು ದಾಟಿದ ಮೇಲೆ ಲಾರಿ ಮರಳಲ್ಲಿ ಹೂತುಹೋಯಿತು. ಹಲಗೆ ಕೊಟ್ಟು, ಮರಳು ತೋಡಿ, ಬಿಸಿಲಲ್ಲಿ ಹೋರಾಡಿದ ಲತೀಫ್ ಸಂಜೆಗೆ ಬಿದ್ದ, ಮತ್ತೆ ಏಳಲಿಲ್ಲ. ಜೊತೆಯಲ್ಲಿದ್ದವರು ಅಲ್ಲೇ ನಮಾಜು ಮಾಡಿ ದಫನ ಮಾಡಿದರು. ತಲೆಗೂ ಕಾಲಿಗೂ ಮೀಸಾನ್ ಕಲ್ಲು ನಿಲ್ಲಿಸಬೇಕು, ಆ ಮರಳಲ್ಲಿ ಕಲ್ಲು ಎಲ್ಲಿಂದ ಬರಬೇಕು? ಲಾರಿಯ ಡಬ್ಬಿಯಲ್ಲಿದ್ದ ಹಳೆಯ ಪ್ಲೇಟುಗಳನ್ನು, ಒಂದು ಉದ್ದದ್ದು, ಒಂದು ತುಂಡಾದದ್ದು, ಹೊಡೆದು ನಿಲ್ಲಿಸಿದರು. ಇದನ್ನೆಲ್ಲ ಹೇಳಿದ್ದು ಜೊತೆಯಲ್ಲಿದ್ದ ಮುಹಮ್ಮದ್ ಎಂಬ ಪಠಾಣ್ ಡ್ರೈವರ್. ಯುದ್ಧ ಮುಗಿದು ವಾಪಸು ಬಂದ ಮಮ್ಮಾಲಿ ಅವನನ್ನು ಕರೆದುಕೊಂಡು ಹೋದಾಗ ಆ ಕಡೆಯೆಲ್ಲ ಕೆಂಪು ಬಾವುಟ, ನೆಲದಲ್ಲಿ ಬಾಂಬು, ಸೈನಿಕರು ಹಿಂದೆ ಕಳಿಸಿದರು. ಬಾವುಟ ತೆಗೆಯುವ ಹೊತ್ತಿಗೆ ಪಠಾಣ್ ಪೇಶಾವರಕ್ಕೆ ಹೋಗಿ ಅಲ್ಲೇ ತೀರಿಕೊಂಡಿದ್ದ.

"ಈಗ ನನ್ನದೂ ಖಲಾಸ್" ಎಂದರು ಮಮ್ಮಾಲಿ. "ನನ್ನನ್ನು ಇಲ್ಲಿ ಇಟ್ಟುಕೊಂಡ ಅರಬಿ, ಕಫೀಲ್, ತೀರಿಕೊಂಡ, ಅವನ ಮಕ್ಕಳಿಗೆ ಅಂಗಡಿ ಬೇಡವಂತೆ. ಇಲ್ಲಿರುವ ಪರ್ಮಿಟ್, ಇಕಾಮಾ, ಮುಗಿದ ಕೂಡಲೇ ಹೋಗ್ಬೇಕು, ಮತ್ತೆ ಬರಲಿಕ್ಕಿಲ್ಲ. ಹೋಗುವ ಮೊದಲು ಒಂದು ಸಲ ಅವನ ಕಬರಿನ ಹತ್ತಿರ ನಿಂತು ಸಲಾಂ ಹೇಳ್ಬೇಕು ಪೊರ್ಬುಗಳೇ. ರುಖಿಯಾ, ಅವನ ಹೆಂಡತಿ, ಕೇಳಿದ್ದು ಅದೊಂದೇ. ಎಲ್ಲಿಂದ ಕಿತ್ತದ್ದು ಅಂತ ತೋರಿಸಿದರೆ ಸಾಕು."

ಎಡ್ವರ್ಡ್ ಪ್ಲೇಟಿಗೆ ಕಟ್ಟಿದ ಚೀಟಿಯನ್ನು ತಿರುಗಿಸಿ ನೋಡಿದ, ತಾನೇ ಬರೆದದ್ದು. ಲಾರಿಯ ಹೆಸರಿತ್ತು, ಅಳತೆಯಿತ್ತು. ಮರುಭೂಮಿ ಅಂದರೆ ಮರುಭೂಮಿ, ಅದರಲ್ಲಿ ಬರೆಯುವುದೇನು ಎಂದು ಜಾಗವನ್ನು ಯಾವತ್ತೂ ಬರೆದವನಲ್ಲ. ಪ್ಲೇಟು ಸಿಕ್ಕಿದ ಹೋದ ಚಳಿಗಾಲದಲ್ಲಿ ಒಂದು ಶುಕ್ರವಾರವೂ ಬಿಡದೆ ಅಲೆದಿದ್ದ. ಎರಡು ಪ್ಲೇಟನ್ನೂ ಕಿತ್ತು, ಎರಡೂ ಗುಂಡಿಯನ್ನು ಮುಚ್ಚಿ, ಬೂಟಿನಿಂದ ಸವರಿ, ಗುರುತು ಸಿಗದ ಹಾಗೆ ಮಾಡಿ ಬಂದಿದ್ದ.

ಅವನನ್ನು ಸುಟ್ಟದ್ದು ಅದಲ್ಲ. ಅವನು ಶಾಲೆಗೆ ಹೋಗುತ್ತಿದ್ದ ದಾರಿಯಲ್ಲೇ ಮಸೀದಿ, ಮಸೀದಿಯ ಬೇಲಿಯೊಳಗೇ ಕಬರಸ್ತಾನ. ಹುಲ್ಲಿನ ನಡುವೆ ಜೋಡಿ ಜೋಡಿಯಾಗಿ ನಿಂತ ಕಲ್ಲುಗಳನ್ನು ದಿನಾ ಎರಡು ಹೊತ್ತು ನೋಡಿಕೊಂಡು ಬೆಳೆದವನು. ಅದೇ ಕಣ್ಣಿನಿಂದ ಮರಳಲ್ಲಿ ಜೋಡಿಯಾಗಿ ನಿಂತ ಕಬ್ಬಿಣ ನೋಡಿ ಡೇರೆ ಎಂದುಕೊಂಡಿದ್ದ. ಕಲ್ಲಿನ ಬದಲು ಕಬ್ಬಿಣ ಆದ ಕೂಡಲೇ ಅವನ ಬುದ್ಧಿಗೆ ತುಕ್ಕು, ದಪ್ಪ, ತೂತು ಬಿಟ್ಟು ಬೇರೇನೂ ಕಾಣಲಿಲ್ಲ. ಇಂಥವನನ್ನು ಕಟ್ಟಿ ಹೊಡೆಯಬೇಕು ಎಂದು ತನ್ನ ಬಗ್ಗೆ ತಾನೇ ಅಂದುಕೊಂಡ.

"ನೆನಪು ಮಾಡ್ತೇನೆ ಕಾಕ" ಎಂದ. "ಖಂಡಿತ ನೆನಪಾಗ್ತದೆ."

ನೆನಪಾಗಲಿಲ್ಲ. ಆಗ ಅವನ ಜೊತೆಗೆ ಬರುತ್ತಿದ್ದವನು ಗೆಳೆಯ ಕೊನ್ರಾಡ್. ಈಗ ಸುಲೈಬಿಯಾದ ಒಂದು ಗೋದಾಮಿನಲ್ಲಿ ಕೆಲಸ. ಅವನಿಗೆ ಫೋನು ಹಚ್ಚಿದ.

"ಆ ಎರಡು ಪ್ಲೇಟಾ? ನೆನಪುಂಟು ಮಾರಾಯ" ಎಂದ ಕೊನ್ರಾಡ್. ಎಡ್ವರ್ಡ್ ಬರೆದುಕೊಳ್ಳಲು ಪೆನ್ನು ತೆಗೆದ. "ಆವತ್ತು ಆಲಿವ್ ಸಾನ್ನಾ ಇಡ್ಲಿ ಮತ್ತು ಕೋಳಿ ಬಫಾತ್ ಕಟ್ಟಿದ್ದಳು. ಖಾರ ಸ್ವಲ್ಪ ಹೆಚ್ಚಾಗಿತ್ತು."

"ಊಟ ಬಿಡು. ಜಾಗ ಎಲ್ಲಿ?"

"ಜಾಗ ಅಂದರೆ... ಮರಳು ಇತ್ತು."

"ಕುವೈತಿನಲ್ಲಿ ಮರಳಿಲ್ಲದೆ ಗದ್ದೆ ಇರ್ತದಾ ಕೊನ್ರಾಡ್! ಕಂಬಗಳ ಸಾಲು ಹತ್ತಿರ ಇತ್ತಾ, ದೂರ ಇತ್ತಾ?"

"ಕಂಬ ಇತ್ತು. ಅಲ್ಲ, ಅದು ಟಯರ್ ಪಂಕ್ಚರ್ ಆದ ದಿನವಾ? ಆವತ್ತು ತಿಂದದ್ದು ಸ್ಯಾಂಡ್‌ವಿಚ್."

ಫೋನು ಇಟ್ಟು ಎಡ್ವರ್ಡ್ ಗೋಡೆಗೆ ಗುದ್ದಿದ. ಕೈಗೆ ನೋವಾಯಿತು, ಗೋಡೆಗೇನೂ ಆಗಲಿಲ್ಲ. ಗುಜರಿಯವನು ಮರುದಿನ ಬಂದಾಗ ಆಲಿವ್ ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಆ ವರ್ಷ ಕಲ್‌ಕಲ್ಲನ್ನು ಮಂಚದ ಮೇಲೆ ಹರಡಿದಳು.

ಮುಂದಿನ ಶುಕ್ರವಾರದಿಂದ ಹುಡುಕಾಟ ಶುರುವಾಯಿತು. ಜುಮ್ಮಾ ನಮಾಜು ಮುಗಿಸಿ ಮಮ್ಮಾಲಿ ಅಂಗಡಿಯೆದುರು ನಿಂತಿರುತ್ತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸತ್ತವರಿಗಾಗಿ ಓದುವ ಯಾಸೀನಿನ ಪುಟ್ಟ ಪುಸ್ತಕ. ಎಡ್ವರ್ಡನ ಹಳೆಯ ನಿಸ್ಸಾನ್ ಜೀಪಿನ ಹಿಂಬದಿಯಲ್ಲಿ ಚಾದರದಲ್ಲಿ ಸುತ್ತಿದ ಪ್ಲೇಟುಗಳು. ಮೀನಾ ಅಬ್ದುಲ್ಲಾ ದಾಟಿ ವಫ್ರಾ ರಸ್ತೆ ಹಿಡಿದು ಹೋದರೆ, ಮೊದಲ ದಿನವೇ ಎಡ್ವರ್ಡನ ಅರ್ಧ ಜೀವ ಹೋಯಿತು. ಹೋದ ವರ್ಷ ಅವನು ಗುರುತಿಟ್ಟುಕೊಂಡಿದ್ದ ಸುಟ್ಟ ವಾಹನಗಳನ್ನೆಲ್ಲ ಸರಕಾರದವರು ಎಳೆದುಕೊಂಡು ಹೋಗಿದ್ದರು. ಖಾಲಿಯಿದ್ದಲ್ಲೆಲ್ಲ ಚಳಿಗಾಲದ ಡೇರೆಗಳು, ಜನರೇಟರಿನ ಗುಡುಗುಡು, ನಾಲ್ಕು ಗಾಲಿಯ ಬೈಕುಗಳಲ್ಲಿ ಮಕ್ಕಳು ಹಾರುತ್ತ ಬಂದು ಧೂಳೆಬ್ಬಿಸಿ ಹೋಗುವುದು. ಪ್ರತಿಯೊಂದು ದಿಬ್ಬವೂ ಇದೇ ಅನ್ನುವ ಹಾಗೆ, ಹತ್ತಿರ ಹೋದರೆ ಇದಲ್ಲ ಅನ್ನುವ ಹಾಗೆ.

ಅವನ ಯಂತ್ರ ಮಾತ್ರ ಕೂಗಿ ಕೂಗಿ ಕಿವಿ ಕಿತ್ತುಹಾಕಿತು. ಪೆಪ್ಸಿ ಡಬ್ಬಿಗೆ ಕೂಗಿತು, ಡೇರೆಯ ಮೊಳೆಗೆ ಕೂಗಿತು, ಕುರಿದೊಡ್ಡಿಯ ತಂತಿಗೆ ಕೂಗಿತು. ಕೂಗು ಕೇಳಿ ಇವನು ಬಗ್ಗಿದಾಗಲೆಲ್ಲ ಮಮ್ಮಾಲಿ ದೂರದಿಂದ ಓಡಿ ಬರುತ್ತಿದ್ದರು, ಆ ವಯಸ್ಸಿನಲ್ಲಿ, ಆ ಮೈ ಹೊತ್ತುಕೊಂಡು. ಬಂದು ಡಬ್ಬಿ ನೋಡಿ "ಅಲ್ಲ" ಎಂದು ಹಿಂದೆ ಹೋಗುವರು. ಎಡ್ವರ್ಡನಿಗೆ ಹೊಳೆಯಲು ಎರಡು ಶುಕ್ರವಾರ ಬೇಕಾಯಿತು: ಈ ಯಂತ್ರ ತೋರಿಸುವುದು ಕಬ್ಬಿಣ ಇರುವ ಜಾಗವನ್ನು. ತಮಗೆ ಬೇಕಾದದ್ದು ಕಬ್ಬಿಣ ಇಲ್ಲದಾದ ಜಾಗ. ಅದನ್ನು ಹುಡುಕುವ ಯಂತ್ರವನ್ನು ಯಾವ ಕಂಪನಿಯೂ ಮಾಡಿಲ್ಲ. ಹೆಡ್‌ಫೋನು ಕಿತ್ತು ಮರಳಿಗೆ ಎಸೆದ.

"ಬಿಟ್ಟರೆ ಹೇಗೆ? ಕಣ್ಣಿನಿಂದ ನೋಡುವ" ಎಂದರು ಮಮ್ಮಾಲಿ.

ಕಣ್ಣಿನಿಂದ ನೋಡಿದರು. ಜನವರಿ ಕಳೆಯಿತು. ಮಳೆಯೊಂದು ಬಂದು ಮರಳೆಲ್ಲ ತಟ್ಟಿದ ರೊಟ್ಟಿಯಾಯಿತು, ಇದ್ದ ಗುರುತೂ ಹೋಯಿತು. ಮಮ್ಮಾಲಿಯ ತಾಳ್ಮೆ ನೋಡಿ ನೋಡಿಯೇ ಎಡ್ವರ್ಡನಿಗೆ ತಲೆ ಕೆಡುತ್ತಿತ್ತು. ಒಂದು ಬಿರುಸು ಮಾತಿಲ್ಲ, ಒಂದು ನಿಟ್ಟುಸಿರಿಲ್ಲ. ವಾಪಸು ಬರುವಾಗ ಪ್ರತಿ ಸಲವೂ "ಇವತ್ತು ನಿಮಗೆ ಸುಸ್ತಾಯ್ತು" ಎನ್ನುವರು. ಒಂದು ದಿನ ಎಡ್ವರ್ಡ್ ಜೀಪು ನಿಲ್ಲಿಸಿ ಕಿರುಚಿಯೇ ಬಿಟ್ಟ.

"ಒಂದು ಸಲ ಬೈಯಿರಿ ಕಾಕ! ನಿಮ್ಮ ತಮ್ಮನ ಕಬರು ಕಿತ್ತವ ನಾನು. ತಂದು ಸೋಡಾ ನೀರಲ್ಲಿ ಅದ್ದಿ ಬ್ರಷ್ ಹಾಕಿ ತಿಕ್ಕಿದವ. ನಿಮಗೆ ಸಿಟ್ಟೇ ಬರುವುದಿಲ್ಲವಾ?"

"ಬರ್ತದೆ" ಎಂದರು ಮಮ್ಮಾಲಿ. "ಬೈದರೆ ಜಾಗ ಸಿಗ್ತದಾ? ಸಿಗುವುದಾದರೆ ಹೇಳಿ, ಈಗಲೇ ಬೈತೇನೆ."

"ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ? ಈ ಯಂತ್ರ ಹೆಗಲಿಗೆ ಹಾಕಿ ನಿಮ್ಮ ಅಂಗಡಿ ಎದುರಿನಿಂದಲೇ ಹೋಗ್ತಿದ್ದೆನಲ್ಲ! ಲತೀಫ್ ಅಂತ ತಮ್ಮ ಒಬ್ಬ ಇದ್ದ, ಇಂಥ ಕಡೆ ಇದ್ದಾನೆ, ನೋಡಿಕೊಂಡು ಹೋಗು ಅಂತ ಒಂದು ಮಾತು!"

"ನೀವು ಚಿನ್ನ ಹುಡುಕುವುದು ಅಂತ ಕಟ್ಟಡದವರೆಲ್ಲ ಹೇಳ್ತಿದ್ದರು" ಎಂದರು ಮಮ್ಮಾಲಿ. "ಚಿನ್ನ ಹುಡುಕುವವರ ಹತ್ತಿರ ಸತ್ತವನ ಸುದ್ದಿ ಎತ್ತುವುದು ಹೇಗೆ?"

ಅವರೊಡನೆ ಬ್ರೆಡ್ಡು, ಮೊಟ್ಟೆ, ಗ್ಯಾಸು ಬಿಟ್ಟು ಬೇರೆ ಮಾತು ಎಡ್ವರ್ಡನೂ ಆಡಿದವನಲ್ಲ. ಜೀಪು ಹೊರಡಿಸಿದ.

ಕೊನೆಯ ಶುಕ್ರವಾರ ಬಂತು. ಭಾನುವಾರ ಮಮ್ಮಾಲಿಯ ವಿಮಾನ. ಹಿಂದಿನ ದಿನವೆಲ್ಲ ಎಡ್ವರ್ಡ್ ರಿಫೈನರಿಯಲ್ಲಿ ಪೈಪಿನ ಮೇಲೆ ಕೈಯಿಟ್ಟು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದ. ಜನ್ಮದಲ್ಲಿ ಪ್ರಶ್ನಾರ್ಥಕ ಹಾಕಬೇಕಾದಲ್ಲಿ ಹಾಕದೆ ಬಿಟ್ಟವನಲ್ಲ. ಈ ಒಂದು ಸಲ ಬಿಡುವುದು. ಮುದುಕ ಬರಿಗೈಯಲ್ಲಿ ವಿಮಾನ ಹತ್ತುವುದನ್ನು ನೋಡುವುದಕ್ಕಿಂತ ಸುಳ್ಳು ಹೇಳಿ ನರಕಕ್ಕೆ ಹೋಗುವುದು ವಾಸಿ. ಪಾದ್ರಿಯ ಹತ್ತಿರ ಹೇಳಿಕೊಂಡರಾಯಿತು.

ಕಂಬಗಳ ಸಾಲು ದಾಟಿ, ಡೇರೆಗಳಿಂದ ದೂರ, ಒಂದು ಸಪಾಟು ಜಾಗದಲ್ಲಿ ಜೀಪು ನಿಲ್ಲಿಸಿದ. ಇಳಿದು ಆಚೆ ಈಚೆ ನಡೆ ಹಾಕಿ ನಾಟಕ ಮಾಡಿದ. ಆಮೇಲೆ ನಿಂತು ಕೈ ತೋರಿಸಿದ.

"ಇದೇ ಕಾಕ. ಈಗ ನೆನಪಾಯ್ತು. ಇದೇ."

ಮಮ್ಮಾಲಿ ಬಂದು ಚಪ್ಪಲಿ ಕಳಚಿದರು. ಟೊಪ್ಪಿ ಸರಿಮಾಡಿಕೊಂಡರು. ಯಾಸೀನಿನ ಪುಸ್ತಕ ತೆರೆದರು. ಎಡ್ವರ್ಡ್ ಜೀಪಿಗೆ ಹೋಗಿ ಪ್ಲೇಟು ಎತ್ತಿಕೊಂಡ. ಓದುವ ದನಿ ಮಾತ್ರ ಕೇಳಲಿಲ್ಲ. ಹಿಂದಿರುಗಿ ನೋಡಿದರೆ ಮಮ್ಮಾಲಿ ಪುಸ್ತಕ ಮುಚ್ಚಿ ಅವನನ್ನೇ ನೋಡುತ್ತಿದ್ದರು.

"ಅಲ್ಲ ಪೊರ್ಬುಗಳೇ" ಎಂದರು. "ನಿಮಗೆ ಗೊತ್ತಿರುವ ವಿಷಯವಾದರೆ ನೀವು ಅರ್ಧ ಗಂಟೆ ಬಿಡುವುದಿಲ್ಲ. ಇಷ್ಟು ದಪ್ಪ, ಇಷ್ಟು ಉದ್ದ, ಇಲ್ಲಿ ತೂತು ಅಂತ ಪ್ರಾಣ ತಿನ್ತೀರಿ. ಈಗ 'ಇದೇ' ಅಂದಿರಿ, ಮುಗೀತು. ಇದಲ್ಲ."

ಎಡ್ವರ್ಡ್ ಪ್ಲೇಟು ಹಿಡಿದುಕೊಂಡೇ ಮರಳಲ್ಲಿ ಕೂತುಬಿಟ್ಟ. "ಮತ್ತೆ ನಾನೇನು ಮಾಡಲಿ ಕಾಕ? ಹೇಳಿ, ಏನು ಮಾಡಲಿ? ಪ್ಲೇಟಾದರೂ ಇಲ್ಲಿ ನಿಲ್ಲಿಸುವ. ಎಲ್ಲೋ ಹತ್ತಿರದಲ್ಲೇ ಇದ್ದಾನಲ್ಲ."

"ಅವನಿಲ್ಲದಲ್ಲಿ ನಿಲ್ಲಿಸಬಾರದು."

ಮಮ್ಮಾಲಿ ಒಂದು ದಿಕ್ಕಿಗೆ ಮುಖ ಮಾಡಿ ನಿಂತು ಸಲಾಂ ಹೇಳಿದರು. ಸ್ವಲ್ಪ ತಿರುಗಿ ಇನ್ನೊಂದು ದಿಕ್ಕಿಗೆ ಹೇಳಿದರು. ಎಲ್ಲಿದ್ದಾನೆಂದು ಗೊತ್ತಿಲ್ಲದವನಿಗೆ ಎಷ್ಟು ಕಡೆಗೆ ಹೇಳುವುದು? ಮೂರನೆಯ ಸಲಕ್ಕೆ ದನಿ ಒಡೆಯಿತು, ಮಾತು ಪೂರ್ತಿಯಾಗಲಿಲ್ಲ. ಬಂದು ಜೀಪಿನಲ್ಲಿ ಕೂತರು. ದಾರಿಯಲ್ಲಿ ಸುಸ್ತಿನ ಮಾತನ್ನೂ ಆಡಲಿಲ್ಲ.

ಅಂಗಡಿಯಲ್ಲಿ ಅರ್ಧ ಕಪಾಟುಗಳು ಆಗಲೇ ಖಾಲಿ. ಮಮ್ಮಾಲಿ ಶಟರು ಎತ್ತಿ ಒಳಗೆ ಹೋಗಿ ಫೋನಿನ ಮುಂದೆ ಕೂತರು, ಎಡ್ವರ್ಡ್ ಹೊರಡಲೆಂದು ಬಾಗಿಲಲ್ಲಿ ನಿಂತ.

"ರುಖಿಯಾ ಕಾಯ್ತಾ ಇರ್ತಾಳೆ" ಎಂದರು. "ಕಿತ್ತದ್ದು ನೀವು ಅಂತ ಅವಳಿಗೆ ನಾನು ಹೇಳಲಿಲ್ಲ. ಒಬ್ಬರು ಪೊರ್ಬುಗಳು ಯಂತ್ರ ಹಿಡಿದು ಹುಡುಕ್ತಾ ಇದ್ದಾರೆ ಅಂತ ಮಾತ್ರ ಹೇಳಿದ್ದೇನೆ. ಈಗ ಇಲ್ಲ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಉಂಟು ಅಂತ ಹೇಳಲಿಕ್ಕೂ ಬರುವುದಿಲ್ಲ."

ನಂಬರು ಒತ್ತಿದರು. ಬ್ಯಾರಿ ಮಾತಿನಲ್ಲಿ ಎರಡು ಮಾತಾಡಿದರು, ಆಮೇಲೆ ರಿಸೀವರನ್ನು ಎಡ್ವರ್ಡನ ಕಡೆ ಚಾಚಿದರು. ಅವನು ಹಿಡಿದುಕೊಂಡ ಕೂಡಲೇ ಎದ್ದು ಹೋಗಿ, ಬೆನ್ನು ತಿರುಗಿಸಿ, ಇದ್ದ ನಾಲ್ಕು ಟೊಮೆಟೊ ಡಬ್ಬಿಗಳನ್ನು ಕಪಾಟಿನಲ್ಲಿ ಅತ್ತಿಂದಿತ್ತ ಜೋಡಿಸತೊಡಗಿದರು.

"ಪೊರ್ಬುಗಳಾ?" ದೂರದ ಹೆಣ್ಣು ದನಿ. "ಸಿಕ್ಕಿತಾ?"

"ಸಿಕ್ಕಿತು ತಂಗಿ" ಎಂದ ಎಡ್ವರ್ಡ್.

ಇಷ್ಟಕ್ಕೆ ನಿಲ್ಲಿಸಿದರೆ ಇವಳೂ ನಂಬುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. "ವಫ್ರಾದ ತೋಟಗಳು ಮುಗಿದು, ದೊಡ್ಡ ಕರೆಂಟ್ ಕಂಬಗಳ ಸಾಲು ಉಂಟು, ಅದರ ಆಚೆ. ಸಪಾಟು ನೆಲ. ಡೇರೆಗಳಿಂದ ದೂರ, ಗಲಾಟೆ ಇಲ್ಲ. ತಲೆಯ ಕಡೆ ಉದ್ದ ಪ್ಲೇಟು, ಕಾಲಿನ ಕಡೆ ತುಂಡಾದದ್ದು. ಲಾರಿಯ ಹಿಂದಿನ ಚಕ್ರದ್ದು, ನಡುವಲ್ಲಿ ಒಂದು ತೂತು. ಸ್ವಲ್ಪ ಬಾಗಿದ್ದು. ಆಳಕ್ಕೆ ಹೊಡೆದಿದ್ದಾರೆ, ತುದಿ ಹೆಬ್ಬೆರಳಷ್ಟು ಮಾತ್ರ ಮೇಲೆ ಕಾಣ್ತದೆ." ಹೇಳುತ್ತ ಹೋದ. ನಿಲ್ಲಿಸಲಿಕ್ಕೆ ಆಗಲಿಲ್ಲ. ಜಾಗವೊಂದು ಬಿಟ್ಟು ಹೇಳಿದ್ದೆಲ್ಲ ನಿಜವಾಗಿತ್ತು.

"ಕಬ್ಬಿಣ ತುಕ್ಕು ಹಿಡಿದು ಹೋಗ್ಲಿಲ್ಲವಾ?"

"ಮೇಲೆ ಮಾತ್ರ ತಂಗಿ. ಒಳ್ಳೆಯ ಉಕ್ಕು ಅದು. ನನ್ನ ಕೆಲಸವೇ ಅದು ನೋಡುವುದು. ನಾವೆಲ್ಲ ಹೋದ ಮೇಲೂ ಇರ್ತದೆ."

ಅವಳು ಅಳುತ್ತಿದ್ದಳು. ನಿಮ್ಮ ಮಕ್ಕಳುಮರಿ ಚೆನ್ನಾಗಿರಲಿ, ನಿಮ್ಮ ಕೈಗೆ ಅಲ್ಲಾಹು ಬರ್ಕತ್ ಕೊಡಲಿ ಎಂದಳು. ಎಡ್ವರ್ಡ್ ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡ. ಕಪಾಟಿನ ಹತ್ತಿರ ಡಬ್ಬಿಗಳ ಸದ್ದು ನಿಂತಿತ್ತು.

"ಒಂದು ಹೆದರಿಕೆ ಪೊರ್ಬುಗಳೇ" ಎಂದಳು ರುಖಿಯಾ, ಮೂಗು ಒರೆಸಿಕೊಂಡು. "ಕಬ್ಬಿಣ ಅಲ್ವಾ. ಯಾರಾದರೂ ಗುಜರಿ ಅಂತ ಕಿತ್ತುಕೊಂಡು ಹೋದರೆ?"

"ಇಲ್ಲ ತಂಗಿ" ಎಂದ ಎಡ್ವರ್ಡ್. "ಯಾರೂ ಕೀಳುವುದಿಲ್ಲ. ತಲೆಗೊಂದು, ಕಾಲಿಗೊಂದು ನಿಂತದ್ದನ್ನು ಕಂಡರೆ ಯಾರಿಗಾದರೂ ಗೊತ್ತಾಗ್ತದೆ."